ಸರಾಸರಿಯಲ್ಲಿ ಕಾಣದ ಮನೆ: ರಾಯಕೋಟೆಯ ಕುಟುಂಬ ವರಮಾನವನ್ನು ಓದುವ ಬಗೆ

ಜಿಲ್ಲೆಯೊಂದರ ವರಮಾನವನ್ನು ಹೇಳುವ ಅಂಕಿಯನ್ನು ಸಾಮಾನ್ಯವಾಗಿ ಯಾರೂ ಪಠ್ಯವೆಂದು ಓದುವುದಿಲ್ಲ. ಅದು ಕೋಷ್ಟಕದ ಒಂದು ಚೌಕದಲ್ಲಿ ಕುಳಿತಿರುತ್ತದೆ. ವರದಿ ಬರೆಯುವವರು ಅದನ್ನು ಎತ್ತಿಕೊಂಡು ತಮ್ಮ ವಾಕ್ಯಕ್ಕೆ ಜೋಡಿಸುತ್ತಾರೆ. ಆದರೆ ಅಂಕಿಯೂ ಒಂದು ಹೇಳಿಕೆಯೇ. ಅದಕ್ಕೆ ಹೇಳುವವರಿದ್ದಾರೆ, ಕಾಲವಿದೆ, ಅದರೊಳಗೆ ಸೇರಿದವರೂ ಹೊರಗುಳಿದವರೂ ಇದ್ದಾರೆ. ತಮಿಳುನಾಡಿನ ಗಡಿಜಿಲ್ಲೆಯಾದ ಕೃಷ್ಣಗಿರಿಯನ್ನು ಕುರಿತ ಆರ್ಥಿಕ ವಿವರಣೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಹೇಳಿಕೆಯೆಂದರೆ, ಇದು ಕೈಗಾರಿಕೆಯಿಂದ ಮುಂದುವರಿದ ಜಿಲ್ಲೆ ಎಂಬುದು. ಹೊಸೂರಿನಲ್ಲಿ ನಿಂತು ನೋಡುವವರಿಗೆ ಈ ಮಾತು ಸುಳ್ಳಲ್ಲ. ಅಲ್ಲಿಂದ ಕೆಳಮಂಗಲವನ್ನು ದಾಟಿ ರಾಯಕೋಟೆಗೆ ಬಂದು, ಟೊಮೆಟೊ ಮಂಡಿಯಲ್ಲಿ ಆ ದಿನದ ಬೆಲೆಗೆ ಕಾಯುತ್ತಿರುವ ರೈತನ ಪಕ್ಕದಲ್ಲಿ ನಿಂತರೆ, ಅದೇ ಮಾತಿನ ಕರ್ತೃಪದ ಯಾವುದು ಎಂಬ ಪ್ರಶ್ನೆ ಏಳುತ್ತದೆ. ಮುಂದುವರಿದದ್ದು ಜಿಲ್ಲೆಯೋ, ಜಿಲ್ಲೆಯ ಮನೆಗಳೋ?

ರಾಯಕೋಟೆ ಡೆಂಕಣಿಕೋಟೆ ತಾಲ್ಲೂಕಿನ ಪಟ್ಟಣ. ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಈ ಸೀಮೆಯ ಮನೆಮಾತುಗಳು. ಇಲ್ಲಿನ ನಡುಮಟ್ಟದ ಮನೆಯೊಂದರ ವರಮಾನ ಎಷ್ಟು, ಅದು ಕಳೆದ ಐವತ್ತು ವರ್ಷಗಳಲ್ಲಿ ಹೇಗೆ ಬದಲಾಯಿತು ಎಂದು ಕೇಳಿದರೆ ಉತ್ತರವಾಗಿ ಸಿಗುವುದು ಇಡೀ ಜಿಲ್ಲೆಯ ತಲಾ ಸರಾಸರಿ ಮಾತ್ರ. ಸರಾಸರಿಯನ್ನು ನಡುಮಟ್ಟದ ಮನೆಯೆಂದು ಓದುವ ಅಭ್ಯಾಸ ಎಷ್ಟು ಬೇರೂರಿದೆಯೆಂದರೆ, ಅವೆರಡರ ನಡುವಿನ ಅಂತರವೇ ಓದಿನಿಂದ ಜಾರಿಹೋಗಿದೆ. ಈ ಅಂತರದಲ್ಲಿ ಮರೆಯಾಗುವವರಲ್ಲಿ ಗಡಿನಾಡಿನ ಕನ್ನಡ ಕುಟುಂಬಗಳೂ ಇವೆ.

ಸರಾಸರಿ ಮತ್ತು ಮಧ್ಯಾಂಕ

ಶಾಲೆಯ ಗಣಿತ ಪುಸ್ತಕದಲ್ಲಿ ಸರಾಸರಿ, ಮಧ್ಯಾಂಕ, ಬಹುಲಕ ಎಂಬ ಮೂರು ಮಾತುಗಳು ಒಂದೇ ಪಾಠದಲ್ಲಿ ಬರುತ್ತವೆ. ಸಾರ್ವಜನಿಕ ಚರ್ಚೆಯಲ್ಲಿ ಉಳಿದುಕೊಂಡದ್ದು ಮೊದಲನೆಯದು ಮಾತ್ರ. ಒಂದು ಕಲ್ಪಿತ ಬೀದಿಯಲ್ಲಿ ಒಂಬತ್ತು ಮನೆಗಳಿವೆ ಎಂದಿಟ್ಟುಕೊಳ್ಳಬಹುದು. ಎಂಟು ಮನೆಗಳ ವಾರ್ಷಿಕ ವರಮಾನ ಕ್ರಮವಾಗಿ 60, 70, 80, 90, 100, 120, 150, 200 ಸಾವಿರ ರೂಪಾಯಿ. ಒಂಬತ್ತನೆಯ ಮನೆಯದು 10 ಲಕ್ಷ. ಸರಾಸರಿ 2 ಲಕ್ಷದ 8 ಸಾವಿರದ ಹತ್ತಿರ ಬರುತ್ತದೆ. ಒಂಬತ್ತರಲ್ಲಿ ಎಂಟು ಮನೆಗಳು ಆ ಮೊತ್ತವನ್ನು ಮುಟ್ಟಿಲ್ಲ. ಮನೆಗಳನ್ನು ವರಮಾನದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದಾಗ ಐದನೆಯದು, ಅಂದರೆ 1 ಲಕ್ಷದ ಮನೆ, ಮಧ್ಯಾಂಕ. ಕೊನೆಯ ಮನೆಯ ವರಮಾನ 20 ಲಕ್ಷವಾದರೆ ಸರಾಸರಿ 3 ಲಕ್ಷವನ್ನು ದಾಟುತ್ತದೆ, ಮಧ್ಯಾಂಕ ಕದಲುವುದಿಲ್ಲ. ಬೀದಿ ‘ಮುಂದುವರಿಯಿತು’ ಎಂದು ಸರಾಸರಿ ಹೇಳುತ್ತದೆ. ನಡುವಿನ ಮನೆಯಲ್ಲಿ ಏನೂ ಆಗಿಲ್ಲ ಎಂದು ಮಧ್ಯಾಂಕ ಹೇಳುತ್ತದೆ.

ಇದು ಪಾಠದ ಲೆಕ್ಕವಷ್ಟೇ ಅಲ್ಲ. ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಮತ್ತು ರಾಷ್ಟ್ರೀಯ ಅನ್ವಯಿಕ ಆರ್ಥಿಕ ಸಂಶೋಧನ ಮಂಡಳಿ ಸೇರಿ 2004-05ರಲ್ಲಿ ನಡೆಸಿದ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆ ಸುಮಾರು 41 ಸಾವಿರ ಕುಟುಂಬಗಳ ವರಮಾನವನ್ನು ನೇರವಾಗಿ ಕೇಳಿತು. ಅದರಲ್ಲಿ ದೇಶದ ಕುಟುಂಬ ವರಮಾನದ ಮಧ್ಯಾಂಕ ವರ್ಷಕ್ಕೆ ಸುಮಾರು 28 ಸಾವಿರ ರೂಪಾಯಿ. ಸರಾಸರಿ ಸುಮಾರು 48 ಸಾವಿರ. ‘ಭಾರತದ ಕುಟುಂಬ’ ಎಂಬ ಒಂದೇ ಪದಕ್ಕೆ ಇಷ್ಟು ದೂರದ ಎರಡು ಅರ್ಥಗಳಿದ್ದವು.

ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಸರಾಸರಿಯು ಅಂಗಿಯನ್ನು ಮಾತ್ರ ಹೇಳಿ ಅಂಗಗಳನ್ನು ಮರೆಸುವ ಲಕ್ಷಣೆ. ಅದು ಯಾವ ಮನೆಯದೂ ಆಗಿರಬೇಕಾಗಿಲ್ಲ. ಮಧ್ಯಾಂಕದ ಮನೆಗಾದರೋ ಬಾಗಿಲು ಇರುತ್ತದೆ. ಅದರ ಮೇಲೆ ಅರ್ಧ ಊರು, ಕೆಳಗೆ ಅರ್ಧ ಊರು ಇರುತ್ತದೆ. ಹಾಗೆಂದು ಮಧ್ಯಾಂಕಕ್ಕೆ ಮಿತಿಗಳಿಲ್ಲವೆಂದಲ್ಲ. ಮೇಲಿನ ಬೀದಿಯಲ್ಲಿ 60 ಸಾವಿರದ ಮನೆ 40 ಸಾವಿರಕ್ಕೆ ಇಳಿದರೂ ಮಧ್ಯಾಂಕ ಅದನ್ನು ಗಮನಿಸುವುದಿಲ್ಲ. ಕೊನೆಯ ಮನೆಯ ಹಸಿವಿಗೆ ಅದು ಕುರುಡು. ಆದ್ದರಿಂದ ಮಧ್ಯಾಂಕವನ್ನು ಕೇಳುವವರು ಅದರ ಜೊತೆಗೆ ಕೆಳಗಿನ ಕಾಲುಭಾಗದ ಅಂಕಿಯನ್ನೂ ಕೇಳಬೇಕಾಗುತ್ತದೆ.

ವರಮಾನ ಹುಟ್ಟಿದ ಜಾಗ, ಸೇರಿದ ಮನೆ

ಜಿಲ್ಲೆಯ ತಲಾ ವರಮಾನ ಎಂದು ಪ್ರಕಟವಾಗುವುದು ಜಿಲ್ಲಾ ಆಂತರಿಕ ಉತ್ಪನ್ನವನ್ನು ಜನಸಂಖ್ಯೆಯಿಂದ ಭಾಗಿಸಿ ಪಡೆದ ಅಂಕಿ. ಉತ್ಪನ್ನವು ಎಲ್ಲಿ ಹುಟ್ಟಿತೋ ಅಲ್ಲಿಗೆ ಲೆಕ್ಕ ಸೇರುತ್ತದೆ. ಅದು ಯಾರ ಕೈಗೆ ಹೋಯಿತು ಎಂಬುದು ಈ ಲೆಕ್ಕದ ಪ್ರಶ್ನೆಯಲ್ಲ. 1970ರ ದಶಕದಲ್ಲಿ ತಮಿಳುನಾಡು ಸರ್ಕಾರದ ಸಿಪ್ಕಾಟ್ ಸಂಸ್ಥೆ ಹೊಸೂರಿನಲ್ಲಿ ಕೈಗಾರಿಕಾ ಪ್ರದೇಶವನ್ನು ಬೆಳೆಸಿತು. ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟನ್ ಕಾರ್ಖಾನೆಗಳು ಅಲ್ಲಿ ನೆಲೆಗೊಂಡವು. ಈಚೆಗೆ ಟಾಟಾ ಎಲೆಕ್ಟ್ರಾನಿಕ್ಸ್ ಕೂಡ ಬಂದಿತು. 2019ರಲ್ಲಿ ಹೊಸೂರು ಮಹಾನಗರಪಾಲಿಕೆಯಾಯಿತು. ಈ ಕಾರ್ಖಾನೆಗಳ ಒಟ್ಟು ಮೌಲ್ಯವರ್ಧನೆ ಕೃಷ್ಣಗಿರಿ ಜಿಲ್ಲೆಯ ಲೆಕ್ಕಕ್ಕೆ ಬರುತ್ತದೆ. ಅದರಲ್ಲಿ ಲಾಭವಾಗಿ ಚೆನ್ನೈಗೋ ಬೆಂಗಳೂರಿಗೋ ಮುಂಬಯಿಗೋ ಹೋಗುವ ಭಾಗವೂ ಸೇರಿದೆ.

ಇದಕ್ಕೆ ಪ್ರತಿಯಾಗಿ, ಈ ಸೀಮೆಯ ಹಳ್ಳಿಯಿಂದ ಬೆಂಗಳೂರಿಗೆ ಹೋಗಿ ಕಟ್ಟಡದ ಕೆಲಸ ಮಾಡಿ ತಿಂಗಳಿಗೊಮ್ಮೆ ಹಣ ಕಳಿಸುವ ಮಗನ ದುಡಿಮೆ ಬೆಂಗಳೂರಿನ ಉತ್ಪನ್ನದಲ್ಲಿ ಸೇರಿಹೋಗುತ್ತದೆ. ಊರಿನ ಮನೆ ಆ ಹಣದಲ್ಲಿ ಬದುಕಿದರೂ ಜಿಲ್ಲೆಯ ಅಂಕಿಗೆ ಅದು ಗೊತ್ತಿಲ್ಲ. ಹೀಗೆ ಒಂದೇ ಅಂಕಿ ಎರಡು ಕಡೆಯಿಂದ ತಪ್ಪುತ್ತದೆ. ಊರಿಗೆ ಸೇರದ ಹಣವನ್ನು ಊರಿನದೆನ್ನುತ್ತದೆ. ಊರಿಗೆ ಬಂದ ಹಣವನ್ನು ಕಾಣುವುದಿಲ್ಲ. ಇದರ ಜೊತೆಗೆ, ಬ್ಯಾಂಕು, ರೈಲ್ವೆ ಮೊದಲಾದ ಕ್ಷೇತ್ರಗಳಲ್ಲಿ ರಾಜ್ಯದ ಮೊತ್ತವನ್ನು ಯಾವುದಾದರೊಂದು ಸೂಚಕದ ಆಧಾರದ ಮೇಲೆ ಜಿಲ್ಲೆಗಳಿಗೆ ಹಂಚುವ ರೂಢಿಯಿದೆ. ಜಿಲ್ಲೆಯ ಅಂಕಿ ಎಂದು ಕಾಣುವುದರ ಒಂದು ಭಾಗ ಜಿಲ್ಲೆಯಲ್ಲಿ ಎಣಿಸಿದ್ದಲ್ಲ, ರಾಜಧಾನಿಯಲ್ಲಿ ಹಂಚಿದ್ದು.

ಅಧಿಕೃತ ದಾಖಲೆಗಳಲ್ಲಿ ಕುಟುಂಬದ ವರಮಾನಕ್ಕೆ ಹತ್ತಿರ ಬಂದದ್ದು 2011ರ ಸಾಮಾಜಿಕ-ಆರ್ಥಿಕ ಮತ್ತು ಜಾತಿ ಗಣತಿ. ಗ್ರಾಮೀಣ ಕುಟುಂಬಗಳಲ್ಲಿ ಹೆಚ್ಚು ದುಡಿಯುವ ಸದಸ್ಯನ ತಿಂಗಳ ವರಮಾನ 5 ಸಾವಿರಕ್ಕಿಂತ ಕಡಿಮೆಯೋ, 5ರಿಂದ 10 ಸಾವಿರದೊಳಗೋ, ಅದಕ್ಕಿಂತ ಹೆಚ್ಚೋ ಎಂದು ಅದು ಕೇಳಿತು. ದೇಶದ ಗ್ರಾಮೀಣ ಕುಟುಂಬಗಳಲ್ಲಿ ನೂರಕ್ಕೆ 74ಕ್ಕೂ ಹೆಚ್ಚು ಮೊದಲನೆಯ ಗುಂಪಿಗೆ ಸೇರಿದವು. ನಡುವಿನ ಮನೆ ಆ ಗುಂಪಿನೊಳಗೇ ಇತ್ತು. ಎಲ್ಲಿ ಎಂಬುದನ್ನು ಮೂರು ಗುಂಪುಗಳ ಪ್ರಶ್ನೆ ಹೇಳಲಾರದು. ಒಬ್ಬ ಸದಸ್ಯನ ದುಡಿಮೆ ಇಡೀ ಮನೆಯ ವರಮಾನವೂ ಅಲ್ಲ.

ಹೊಲ, ಜಿಲ್ಲೆ, ಗಡಿ

ಈ ಸೀಮೆಯಲ್ಲಿ ಅಂದಾಜಿನ ಇತಿಹಾಸ ಹಳೆಯದು. ಮೂರನೆಯ ಮೈಸೂರು ಯುದ್ಧದಲ್ಲಿ, 1791ರಲ್ಲಿ, ರಾಯಕೋಟೆಯ ದುರ್ಗ ಕಂಪನಿಯ ಸೈನ್ಯದ ಕೈಸೇರಿತು. ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲ್ ಸೀಮೆ ಟಿಪ್ಪುವಿನ ರಾಜ್ಯದಿಂದ ಕಂಪನಿಗೆ ಹೋಯಿತು. ಕ್ಯಾಪ್ಟನ್ ಅಲೆಗ್ಸಾಂಡರ್ ರೀಡ್ ಮತ್ತು ಅವನ ಸಹಾಯಕನಾಗಿದ್ದ ಥಾಮಸ್ ಮನ್ರೋ 1792ರಿಂದ 1799ರವರೆಗೆ ಇಲ್ಲಿ ಹೊಲಹೊಲವನ್ನು ಅಳೆದು ಕಂದಾಯ ನಿಗದಿಮಾಡುವ ಕೆಲಸ ನಡೆಸಿದರು. ಮುಂದೆ ರೈತವಾರಿ ಎಂದು ಹೆಸರಾದ ಪದ್ಧತಿಗೆ ಇದು ಪೀಠಿಕೆ. ಮಣ್ಣಿನ ತರ, ನೀರಿನ ಅನುಕೂಲ, ಬೆಳೆಯ ಅಂದಾಜು ಇವೆಲ್ಲ ಆ ದಾಖಲೆಗಳಲ್ಲಿ ವಿವರವಾಗಿವೆ. ಇಷ್ಟಾದರೂ ಆ ಬರಹದ ನಾಯಕ ಹೊಲ, ಮನೆಯಲ್ಲ. ರೈತನಿಗೆ ಎಷ್ಟು ಉಳಿಯುತ್ತದೆ ಎಂಬ ಪ್ರಶ್ನೆ ಅಲ್ಲಿ ಬರುವುದು, ಅವನಿಂದ ಎಷ್ಟು ತೆಗೆಯಬಹುದು ಎಂಬ ಪ್ರಶ್ನೆಯ ಅಂಗವಾಗಿ. ಹೊಲವಿಲ್ಲದ ಮನೆ ಈ ಲೆಕ್ಕದ ಒಳಗೆ ಬರುವ ದಾರಿಯೇ ಕಿರಿದು.

ಎಚ್. ಲೆ ಫಾನು 1883ರಲ್ಲಿ ಹೊರತಂದ ಸೇಲಂ ಜಿಲ್ಲಾ ಕೈಪಿಡಿ, ಎಫ್. ಜೆ. ರಿಚರ್ಡ್ಸ್ 1918ರಲ್ಲಿ ಸಿದ್ಧಪಡಿಸಿದ ಸೇಲಂ ಗೆಜೆಟಿಯರ್ ಈ ಪರಂಪರೆಯ ಮುಂದಿನ ಘಟ್ಟಗಳು. ಇವುಗಳ ನಡುವೆ 1876-78ರ ಮಹಾಕ್ಷಾಮದ ನೆರಳಿದೆ. 1871ಕ್ಕೆ ಹೋಲಿಸಿದರೆ 1881ರ ಗಣತಿಯಲ್ಲಿ ಸೇಲಂ ಜಿಲ್ಲೆಯ ಜನಸಂಖ್ಯೆ ಇಳಿದಿತ್ತು. ಕಾಲಾನುಕ್ರಮದ ಅಂದಾಜು ಎದುರಿಸಬೇಕಾದ ಅತ್ಯಂತ ಕಠಿಣ ಪ್ರಶ್ನೆ ಇಲ್ಲಿದೆ. ಕ್ಷಾಮದಲ್ಲಿ ಮೊದಲು ಅಳಿಯುವುದು ಸಾಲಿನ ಕೊನೆಯಲ್ಲಿ ನಿಂತ ಮನೆಗಳು. ಅವು ಸಾಲಿನಿಂದ ಬಿದ್ದುಹೋದರೆ ಸಾಲಿನ ನಡು ತಾನಾಗಿಯೇ ಮೇಲಕ್ಕೆ ಸರಿಯುತ್ತದೆ. ಉಳಿದ ಯಾರೂ ಒಂದು ಕಾಸು ಹೆಚ್ಚು ಗಳಿಸದೆಯೂ ಮಧ್ಯಾಂಕ ಏರಬಹುದು. ಏರಿಕೆಯನ್ನು ಏಳಿಗೆಯೆಂದು ಓದುವ ಮೊದಲು ಯಾರು ಸಾಲಿನಿಂದ ಹೊರಗೆ ಹೋದರು ಎಂದು ಕೇಳಬೇಕಾದದ್ದು ಇದಕ್ಕಾಗಿ.

ಸ್ವಾತಂತ್ರ್ಯಾನಂತರ ಗಡಿಗಳು ಸರಿಯುತ್ತಾ ಹೋದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೊಸೂರು ಸೀಮೆ ಮದ್ರಾಸ್ ರಾಜ್ಯದಲ್ಲಿ ಉಳಿಯಿತು. 1965ರಲ್ಲಿ ಸೇಲಂ ಜಿಲ್ಲೆಯಿಂದ ಧರ್ಮಪುರಿ, 2004ರ ಫೆಬ್ರವರಿಯಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾದವು. ರಾಯಕೋಟೆ ಕದಲಲಿಲ್ಲ, ಅದು ಸೇರಿದ ‘ಜಿಲ್ಲೆ’ ಎಂಬ ಪದದ ಅರ್ಥ ಎರಡು ಸಲ ಬದಲಾಯಿತು. ಮೊತ್ತಗಳನ್ನು ಕೂಡಿಸಿ ಕಳೆದು ಹಳೆಯ ಗಡಿಯ ಸರಾಸರಿಯನ್ನು ಹೊಸ ಗಡಿಗೆ ಹೊಂದಿಸಬಹುದು. ಮಧ್ಯಾಂಕಕ್ಕೆ ಆ ಸೌಲಭ್ಯವಿಲ್ಲ. ಎರಡು ತಾಲ್ಲೂಕುಗಳ ಮಧ್ಯಾಂಕಗಳನ್ನು ಕೂಡಿಸಿ ಭಾಗಿಸಿದರೆ ಜಿಲ್ಲೆಯ ಮಧ್ಯಾಂಕ ಬರುವುದಿಲ್ಲ. ಎಲ್ಲ ಮನೆಗಳನ್ನು ಮತ್ತೆ ಒಂದೇ ಸಾಲಿನಲ್ಲಿ ನಿಲ್ಲಿಸಬೇಕು. ಅದಕ್ಕೆ ಮನೆಮನೆಯ ವಿವರ ಉಳಿದಿರಬೇಕು. ಜಿಲ್ಲೆಯ ಮೊತ್ತವನ್ನು ಮಾತ್ರ ಕಾಪಾಡುವ ದಾಖಲೆ ಪರಂಪರೆಯಲ್ಲಿ ಸರಾಸರಿಗೆ ಇತಿಹಾಸ ಸಾಧ್ಯ, ಮಧ್ಯಾಂಕಕ್ಕೆ ಸಾಧ್ಯವಿಲ್ಲ. ಸರಾಸರಿಯ ಯಜಮಾನಿಕೆಯ ಹಿಂದೆ ಈ ಅನುಕೂಲವೂ ಕೆಲಸಮಾಡಿದೆ.

ಮನೆ ಎಂದರೇನು, ವರಮಾನ ಎಂದರೇನು

ಸಮೀಕ್ಷೆಗಳಲ್ಲಿ ಕುಟುಂಬವೆಂದರೆ ಒಟ್ಟಿಗೆ ವಾಸಿಸಿ ಒಂದೇ ಅಡುಗೆಮನೆಯಲ್ಲಿ ಉಣ್ಣುವವರ ಗುಂಪು. ಈ ವ್ಯಾಖ್ಯೆ ಕನ್ನಡಕ್ಕೆ ಅಪರಿಚಿತವಲ್ಲ. ಅಣ್ಣತಮ್ಮಂದಿರು ಪಾಲಾದರೆ ಒಲೆ ಬೇರೆಯಾಯಿತು ಎನ್ನುವ ಮಾತಿನಲ್ಲಿ ಅದೇ ತಿಳಿವಳಿಕೆಯಿದೆ. ಆದರೆ ಅದೇ ಕನ್ನಡದಲ್ಲಿ ‘ಒಕ್ಕಲು’ ಎಂಬ ಇನ್ನೊಂದು ಪದವೂ ಇದೆ. ಅದು ಮನೆಯನ್ನೂ ಬೇಸಾಯವನ್ನೂ ಭೂಮಿಯ ಸಂಬಂಧವನ್ನೂ ಒಟ್ಟಿಗೆ ಹೇಳುತ್ತದೆ. ಒಲೆ ಬೇರೆಯಾದರೂ ಒಕ್ಕಲು ಒಂದೇ ಆಗಿರಬಹುದು. ಕೊಳವೆಬಾವಿಯ ನೀರು, ಎತ್ತು, ಟ್ರ್ಯಾಕ್ಟರ್ ಬಾಡಿಗೆ, ಸಾಲ ಹಂಚಿಕೊಂಡೇ ಇರಬಹುದು. ಒಂದು ಕೂಡುಕುಟುಂಬ ಮೂರು ಒಲೆಯಾದ ದಿನ ಸಮೀಕ್ಷೆಯ ಲೆಕ್ಕದಲ್ಲಿ ಕುಟುಂಬ ವರಮಾನ ಮೂರರಲ್ಲೊಂದಕ್ಕೆ ಇಳಿಯುತ್ತದೆ. ಯಾರೂ ಬಡವಾಗಿರುವುದಿಲ್ಲ. ಕುಟುಂಬದ ಗಾತ್ರ ದಶಕದಿಂದ ದಶಕಕ್ಕೆ ಕುಗ್ಗುತ್ತಿರುವ ಕಡೆ ಇದನ್ನು ಸರಿದೂಗಿಸದ ಯಾವ ಕಾಲಶ್ರೇಣಿಯೂ ಓದುಗನನ್ನು ದಾರಿತಪ್ಪಿಸುತ್ತದೆ.

ವರಮಾನದ ಅರ್ಥವೂ ಸರಳವಲ್ಲ. ತಮಿಳಿನ ‘ವರುಮಾನಂ’, ಕನ್ನಡದ ‘ವರಮಾನ’ ಎರಡೂ ಒಂದೇ ಬೇರಿನವೆಂದು ಕಿವಿಗೆ ತೋರಿದರೂ, ಹಳ್ಳಿಯ ಮನೆಯಲ್ಲಿ ಅವು ಕಚೇರಿಯ ಪದಗಳು. ಪ್ರಮಾಣಪತ್ರಕ್ಕೆ ಗ್ರಾಮಾಡಳಿತಾಧಿಕಾರಿಯ ಮುಂದೆ ನಿಂತಾಗ ಬರುವ ಮಾತು ಅದು. ಮನೆಯ ಒಳಗೆ ಇರುವುದು ಕೂಲಿ, ಸಂಬಳ, ಬೆಳೆಯ ದುಡ್ಡು, ಹಾಲಿನ ದುಡ್ಡು, ಮಗ ಕಳಿಸಿದ್ದು, ಕೈಸಾಲ, ಮುಯ್ಯಿ. ‘ನಿಮ್ಮ ಕುಟುಂಬದ ವಾರ್ಷಿಕ ವರಮಾನ ಎಷ್ಟು?’ ಎಂದು ಬೇರೆ ಭಾಷೆಯಲ್ಲಿ, ಅಪರಿಚಿತರು ಬಂದು ಕೇಳಿದಾಗ ಸಿಗುವ ಉತ್ತರ ಈ ಎಲ್ಲದರ ಮೊತ್ತವಾಗಿರುವುದಿಲ್ಲ. ಕೇಳಿದವರು ಯಾಕೆ ಕೇಳುತ್ತಿದ್ದಾರೆ ಎಂಬ ಊಹೆಗೆ ಕೊಟ್ಟ ಉತ್ತರವಾಗಿರುತ್ತದೆ. 2023ರ ಸೆಪ್ಟೆಂಬರಿನಲ್ಲಿ ತಮಿಳುನಾಡು ಸರ್ಕಾರ ಕುಟುಂಬದ ಯಜಮಾನಿಗೆ ತಿಂಗಳಿಗೆ 1,000 ರೂಪಾಯಿ ಕೊಡುವ ಯೋಜನೆಯನ್ನು ಆರಂಭಿಸಿದಾಗ ಕುಟುಂಬದ ವಾರ್ಷಿಕ ವರಮಾನ 2.5 ಲಕ್ಷದೊಳಗಿರಬೇಕೆಂಬ ನಿಯಮವಿತ್ತು. ಇಂತಹ ಗೆರೆ ಎಳೆದಲ್ಲೆಲ್ಲ ಉತ್ತರಗಳು ಗೆರೆಯ ಕೆಳಗೆ ಗುಂಪುಗೂಡುವುದು ಸಹಜ. ಅದನ್ನು ಸುಳ್ಳು ಎನ್ನುವುದಕ್ಕಿಂತ ಪ್ರಭುತ್ವದೊಡನೆ ನಡೆದ ಸಂವಾದವೆಂದು ಓದುವುದು ಹೆಚ್ಚು ಸರಿ.

ರಾಷ್ಟ್ರೀಯ ಮಾದರಿ ಸಮೀಕ್ಷೆಯ ಅನುಭವ ಇದಕ್ಕೆ ಸಾಕ್ಷಿ. 1950ರ ಮತ್ತು 1960ರ ದಶಕಗಳ ಕೆಲವು ಸುತ್ತುಗಳಲ್ಲಿ ಕುಟುಂಬಗಳ ಆದಾಯವನ್ನು ಕೇಳುವ ಪ್ರಯತ್ನ ನಡೆಯಿತು. ಜನ ಹೇಳಿದ ವರಮಾನ, ಅವರೇ ಹೇಳಿದ ಖರ್ಚು ಮತ್ತು ಉಳಿತಾಯದ ಮೊತ್ತಕ್ಕಿಂತ ಕಡಿಮೆಯಿತ್ತು. ಪ್ರಯತ್ನ ಮುಂದುವರಿಯಲಿಲ್ಲ. 1980ರ ದಶಕದ ಪ್ರಾಯೋಗಿಕ ಸಮೀಕ್ಷೆಯೂ ರಾಷ್ಟ್ರವ್ಯಾಪಿ ಸಮೀಕ್ಷೆಯಾಗಿ ಬೆಳೆಯಲಿಲ್ಲ. ಅಂದಿನಿಂದ ವರಮಾನದ ಜಾಗದಲ್ಲಿ ಖರ್ಚು ನಿಂತಿದೆ. 2023-24ರ ಗೃಹಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತಲಾ ತಿಂಗಳ ವೆಚ್ಚದ ಸರಾಸರಿ ಹಳ್ಳಿಗಳಲ್ಲಿ 4,122 ರೂಪಾಯಿ, ಪಟ್ಟಣಗಳಲ್ಲಿ 6,996 ರೂಪಾಯಿ. ಇವು ಕೂಡ ಸರಾಸರಿಗಳೇ.

ಗಳಿಕೆಗಿಂತ ಖರ್ಚು ಹೆಚ್ಚು ಕಾಣುವ ಈ ‘ದೋಷ’ಕ್ಕೆ ಕನ್ನಡ ಸಾಹಿತ್ಯದಲ್ಲಿ ಬಹಳ ಹಿಂದೆಯೇ ಒಂದು ವ್ಯಾಖ್ಯಾನ ಸಿಕ್ಕಿದೆ. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವನ ಮನೆಯವರು ಕದ್ದು ತಂದ ಕಡಲೆಕಾಯಿಯನ್ನು ಒಂದೇ ರಾತ್ರಿಯಲ್ಲಿ ತಿಂದು ಮುಗಿಸುತ್ತಾರೆ. ಆ ರಾತ್ರಿಯ ಊಟ ಯಾವ ವರಮಾನದ ಕಲಮಿಗೂ ಸೇರದು. ಖರ್ಚಿನ ಕಲಮಿಗೂ ಸೇರದು. ಆದರೂ ಆ ಮನೆ ಆ ರಾತ್ರಿ ಹೊಟ್ಟೆತುಂಬ ಉಂಡಿದೆ. ಬದುಕುವುದಕ್ಕೂ ಗಳಿಸುವುದಕ್ಕೂ ನಡುವೆ ಉಳಿಯುವ ಈ ಭಾಗವನ್ನು ಸಮೀಕ್ಷೆ ತಪ್ಪೆಂದು ತಿದ್ದುತ್ತದೆ, ಕೃತಿ ಅದನ್ನೇ ವಸ್ತುವಾಗಿಸಿಕೊಳ್ಳುತ್ತದೆ.

ಟೊಮೆಟೊ ಬೆಳೆಯುವ ಮನೆಗೆ ಇನ್ನೊಂದು ತೊಡಕಿದೆ. 2023ರ ಜುಲೈಯಲ್ಲಿ ನಗರಗಳಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿತ್ತು. ಬೆಲೆ ಕುಸಿದ ತಿಂಗಳುಗಳಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣು ಹೊಲದಲ್ಲೇ ಉಳಿಯುತ್ತದೆ. ಅದೇ ಮನೆ ಒಂದು ವರ್ಷ ಸಾಲಿನ ಮುಂಭಾಗದಲ್ಲಿ, ಮತ್ತೊಂದು ವರ್ಷ ಸಾಲದ ಪುಸ್ತಕದಲ್ಲಿ ಇರುತ್ತದೆ. ಒಂದು ವರ್ಷದ ಅಂಕಿಯಿಂದ ಈ ಮನೆಯ ಸ್ಥಾನವನ್ನು ತಿಳಿಯಲಾಗದು.

ಎರವಲು ಬಲದ ಅಂದಾಜು

ಇಷ್ಟೆಲ್ಲ ತೊಡಕುಗಳಿದ್ದರೂ ಸಣ್ಣ ಪ್ರದೇಶಗಳ ಮಧ್ಯಾಂಕವನ್ನು ಅಂದಾಜುಮಾಡುವುದು ಅಸಾಧ್ಯವಲ್ಲ. ಅಮೆರಿಕದಲ್ಲಿ 1940ರ ಜನಗಣತಿಯೇ ಕೂಲಿ-ಸಂಬಳದ ಮೊತ್ತವನ್ನು ಕೇಳಿತು. 1990ರ ದಶಕದಿಂದ ಅಲ್ಲಿನ ಗಣತಿ ಇಲಾಖೆ ಮೂರು ಸಾವಿರಕ್ಕೂ ಹೆಚ್ಚು ಕೌಂಟಿಗಳ ಕುಟುಂಬ ವರಮಾನದ ಮಧ್ಯಾಂಕವನ್ನು ಅಂದಾಜಿಸಿ ಪ್ರಕಟಿಸುತ್ತ ಬಂದಿದೆ. ಸಣ್ಣ ಕೌಂಟಿಯಲ್ಲಿ ಸಮೀಕ್ಷೆಗೆ ಸಿಕ್ಕ ಮನೆಗಳು ಕೆಲವೇ ಆದ್ದರಿಂದ ಅವುಗಳ ಉತ್ತರವನ್ನು ಒಂದು ಕಡೆ, ತೆರಿಗೆ ಲೆಕ್ಕ, ಆಹಾರ ನೆರವಿನ ಫಲಾನುಭವಿಗಳ ಸಂಖ್ಯೆ, ಹಿಂದಿನ ಗಣತಿ ಇವುಗಳಿಂದ ಕಟ್ಟಿದ ಊಹೆಯನ್ನು ಇನ್ನೊಂದು ಕಡೆ ಇಟ್ಟು ತೂಗುತ್ತಾರೆ. ಮನೆಗಳು ಕಡಿಮೆಯಿದ್ದಷ್ಟೂ ಊಹೆಯ ತೂಕ ಹೆಚ್ಚು. 1979ರಲ್ಲಿ ಫೇ ಮತ್ತು ಹೆರಿಯಟ್ ರೂಪಿಸಿದ ವಿಧಾನ ಇಂತಹ ಅಂದಾಜುಗಳಿಗೆ ಬುನಾದಿ. ಸಂಖ್ಯಾಶಾಸ್ತ್ರಜ್ಞರು ಇದನ್ನು ‘ಬಲವನ್ನು ಎರವಲು ತರುವುದು’ ಎನ್ನುತ್ತಾರೆ. ಪ್ರತಿ ಅಂಕಿಯ ಜೊತೆ ಅದು ಎಷ್ಟು ಹಿಂದೆಮುಂದೆ ಇರಬಹುದೆಂಬ ವ್ಯಾಪ್ತಿಯನ್ನೂ ಅಲ್ಲಿ ಮುದ್ರಿಸುತ್ತಾರೆ. ಅನುಮಾನವನ್ನು ಅಂಕಿಯ ಪಕ್ಕದಲ್ಲೇ ಬರೆಯುವ ಈ ರೂಢಿ ಭಾರತದ ಜಿಲ್ಲಾ ಕೋಷ್ಟಕಗಳು ಕಲಿಯಬೇಕಾದ ಮೊದಲ ಪಾಠ.

ರಾಯಕೋಟೆಗೆ ಈ ವಿಧಾನವನ್ನು ತಂದರೆ ಎರವಲು ಯಾರಿಂದ ಎಂಬ ಪ್ರಶ್ನೆ ಬರುತ್ತದೆ. ವರಮಾನ ತೆರಿಗೆ ಕಟ್ಟುವ ಮನೆಗಳು ಇಲ್ಲಿ ವಿರಳ. ಅಮೆರಿಕದ ಮಾದರಿಯ ಮುಖ್ಯ ಆಧಾರವೇ ಇಲ್ಲಿಲ್ಲ. ಗಣತಿಯ ಮನೆಪಟ್ಟಿಯಲ್ಲಿರುವ ಛಾವಣಿ, ನೀರು, ದೂರದರ್ಶನ, ದ್ವಿಚಕ್ರ ವಾಹನಗಳ ವಿವರ, ರಾಜ್ಯಮಟ್ಟದ ಖರ್ಚಿನ ಸಮೀಕ್ಷೆ, ವಿದ್ಯುತ್ ಬಳಕೆ ಇವುಗಳಿಂದ ಊಹೆ ಕಟ್ಟಬೇಕು. ಇಂತಹ ಊಹೆಯಲ್ಲಿ ರಾಯಕೋಟೆಯ ಮನೆ ತನ್ನ ಹಾಗೆ ಕಾಣುವ ಮನೆಗಳ ವರಮಾನವನ್ನು ಪಡೆಯುತ್ತದೆ. ಅದೇ ಛಾವಣಿ, ಅದೇ ವಾಹನವಿರುವ ಕೊಯಮತ್ತೂರಿನ ಮನೆಯೊಂದು ಅದಕ್ಕೆ ಪ್ರತಿನಿಧಿಯಾಗುತ್ತದೆ. ಎರಡರ ನಡುವಿನ ವ್ಯತ್ಯಾಸ ಛಾವಣಿಯಲ್ಲಿ ಕಾಣದಿದ್ದರೆ ಅಂದಾಜಿನಲ್ಲೂ ಕಾಣದು. ಅನುವಾದದ ಅಭ್ಯಾಸಿಗಳಿಗೆ ಈ ತೊಡಕು ಗೊತ್ತು: ನಿಘಂಟಿನಲ್ಲಿ ಸಮಾನವಾದ ಪದ ಸಂದರ್ಭದಲ್ಲಿ ಸಮಾನವಾಗಿರಬೇಕಾಗಿಲ್ಲ.

ಮಾತೃಭಾಷೆ ಅಂತಹ ಕಾಣದ ವ್ಯತ್ಯಾಸಗಳಲ್ಲೊಂದು. ಜನಗಣತಿ ಮಾತೃಭಾಷೆಯನ್ನು ಕೇಳುತ್ತದೆ, ವರಮಾನವನ್ನು ಕೇಳುವುದಿಲ್ಲ. ಖರ್ಚಿನ ಸಮೀಕ್ಷೆ ಧರ್ಮವನ್ನೂ ಸಾಮಾಜಿಕ ವರ್ಗವನ್ನೂ ದಾಖಲಿಸುತ್ತದೆ, ಮಾತೃಭಾಷೆಯನ್ನು ದಾಖಲಿಸುವುದಿಲ್ಲ. ಆದ್ದರಿಂದ ಕೃಷ್ಣಗಿರಿಯಲ್ಲಿ ಕನ್ನಡಿಗರು ಎಷ್ಟು ಎಂದು ಹೇಳಬಹುದು. ಅವರ ನಡುವಿನ ಮನೆ ಹೇಗೆ ಬದುಕುತ್ತಿದೆ ಎಂದು ಯಾವ ಕೋಷ್ಟಕವೂ ಹೇಳಲಾರದು. ಸಂವಿಧಾನದ 350 ಎ ವಿಧಿ ಮಾತೃಭಾಷೆಯ ಪ್ರಾಥಮಿಕ ಶಿಕ್ಷಣವನ್ನೂ, 350 ಬಿ ವಿಧಿ ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯನ್ನೂ ಕುರಿತು ಹೇಳುತ್ತವೆ. 2006ರ ತಮಿಳು ಕಲಿಕೆ ಕಾಯ್ದೆಯ ನಂತರ ಗಡಿಭಾಗದ ಕನ್ನಡ ಶಾಲೆಗಳ ಚರ್ಚೆ ಬಹುಮಟ್ಟಿಗೆ ಭಾಷೆಯ ಹಕ್ಕಿನ ಚರ್ಚೆಯಾಗಿಯೇ ನಡೆದಿದೆ. ಮಗುವನ್ನು ಕನ್ನಡ ಶಾಲೆಯಲ್ಲಿ ಉಳಿಸುವುದೋ, ಹೊಸೂರಿನ ಇಂಗ್ಲಿಷ್ ಶಾಲೆಗೆ ಕಳಿಸುವುದೋ ಎಂದು ತೀರ್ಮಾನಿಸುವ ಮನೆಯ ಕೈಯಲ್ಲಿ ಎಷ್ಟು ಹಣವಿದೆ ಎಂಬುದು ಆ ಚರ್ಚೆಯೊಳಗೆ ಬಂದಿಲ್ಲ. ಶಾಲೆ ಬಿಟ್ಟದ್ದು ಭಾಷೆಯ ಮೇಲಿನ ಅನಾದರದಿಂದಲೋ, ಬಸ್ಸಿನ ಖರ್ಚಿನಿಂದಲೋ ಎಂದು ಬೇರ್ಪಡಿಸಿ ನೋಡುವ ಸಾಧನವೇ ವಿದ್ವಾಂಸರ ಕೈಯಲ್ಲಿಲ್ಲ.

ಗಡಿಯಾಚೆ ಕರ್ನಾಟಕದಲ್ಲಿ 2002ರ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯ ವರದಿ ತಾಲ್ಲೂಕನ್ನು ಘಟಕವಾಗಿಟ್ಟುಕೊಂಡು 35 ಸೂಚಕಗಳ ಮೂಲಕ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಗುರುತಿಸಿತು. ಅದು ಕುಟುಂಬ ವರಮಾನದ ಅಳತೆಯಲ್ಲ. ಆದರೂ ಜಿಲ್ಲೆಯ ಮರೆಯಲ್ಲಿದ್ದ ತಾಲ್ಲೂಕನ್ನು ಓದುವುದರಿಂದ ರಾಜಕೀಯ ಚರ್ಚೆಯ ವ್ಯಾಕರಣವೇ ಬದಲಾಗುತ್ತದೆ ಎಂಬುದನ್ನು ಆ ವರದಿ ತೋರಿಸಿತು. ಹೊಸೂರಿನ ನೆರಳಿನಲ್ಲಿರುವ ಡೆಂಕಣಿಕೋಟೆಗೆ ಅಂತಹ ಓದು ಇನ್ನೂ ಬೇಕಾಗಿದೆ.

ನಡುವಿನ ಮನೆ ಯಾರದು

ಕೊನೆಯ ತೊಡಕು ಕಾಲಕ್ಕೆ ಸಂಬಂಧಿಸಿದ್ದು. ಒಂದು ಪ್ರದೇಶದ ಮಧ್ಯಾಂಕ ಇಪ್ಪತ್ತು ವರ್ಷಗಳಲ್ಲಿ ಏರಿದರೆ, ನಡುವಿನಲ್ಲಿದ್ದ ಮನೆ ಮೇಲೆ ಬಂದಿತೋ, ನಡುವಿನಲ್ಲಿ ಬೇರೆಯೇ ಮನೆ ಬಂದು ನಿಂತಿತೋ? ಹೊಸೂರಿಗೆ ದೇಶದ ನಾನಾ ಕಡೆಗಳಿಂದ ಇಂಜಿನಿಯರುಗಳೂ ಕಾರ್ಮಿಕರೂ ಬಂದು ನೆಲೆಸಿದ್ದಾರೆ. ಸಂಬಳದ ಹೊಸ ಮನೆಗಳು ಸಾಲಿನ ಮೇಲ್ಭಾಗಕ್ಕೆ ಸೇರಿಕೊಂಡಷ್ಟೂ ನಡುಬಿಂದು ಮೇಲಕ್ಕೆ ಸರಿಯುತ್ತದೆ. ಹಳೆಯ ಒಕ್ಕಲಿನ ಮನೆ ತನ್ನ ಜಾಗದಲ್ಲೇ ಇದ್ದು ನಡುವಿನಿಂದ ಕೆಳಕ್ಕೆ ಜಾರಿರುತ್ತದೆ. ಅಂಕಿ ಏರಿದ್ದೂ ನಿಜ, ಮನೆ ಏರದಿದ್ದದ್ದೂ ನಿಜ. ಈ ಎರಡು ನಿಜಗಳನ್ನು ಬೇರ್ಪಡಿಸಲು ಅದೇ ಮನೆಗಳಿಗೆ ವರ್ಷಗಳ ನಂತರ ಮರಳಿ ಹೋಗುವ ಸಮೀಕ್ಷೆ ಬೇಕು. ಮೇಲೆ ಹೇಳಿದ ಮಾನವ ಅಭಿವೃದ್ಧಿ ಸಮೀಕ್ಷೆ 2011-12ರಲ್ಲಿ ತನ್ನ ಹಳೆಯ ಮನೆಗಳಿಗೆ ಮರಳಿತ್ತು. ಆದರೆ ಅದು ದೇಶವನ್ನು ಕಾಣಲು ರೂಪಿಸಿದ ಮಾದರಿ, ತಾಲ್ಲೂಕನ್ನು ಕಾಣಲು ಅಲ್ಲ.

ಈಗ ಸಂದರ್ಭ ಬದಲಾಗುತ್ತಿದೆ. 2025ರ ಜನವರಿಯಿಂದ ರಾಷ್ಟ್ರೀಯ ಮಾದರಿ ಸಮೀಕ್ಷೆಗಳ ವಿನ್ಯಾಸದಲ್ಲಿ ಜಿಲ್ಲೆಯನ್ನು ಮೂಲ ಘಟಕವಾಗಿಸಲಾಗಿದೆ. ದೇಶದ ಮೊದಲ ರಾಷ್ಟ್ರೀಯ ಕುಟುಂಬ ವರಮಾನ ಸಮೀಕ್ಷೆಯನ್ನು 2026ರಲ್ಲಿ ನಡೆಸುವುದಾಗಿ ಕೇಂದ್ರ ಸಾಂಖ್ಯಿಕ ಸಚಿವಾಲಯ 2025ರಲ್ಲಿ ಪ್ರಕಟಿಸಿತು. ದಶಕಗಳ ಹಿಂದೆ ಕೈಬಿಟ್ಟ ಪ್ರಶ್ನೆ ಮತ್ತೆ ಮನೆಬಾಗಿಲಿಗೆ ಬರುವ ಕಾಲವಿದು. ಇಂತಹ ಹೊತ್ತಿನಲ್ಲಿ ಗಡಿನಾಡಿನ ಕನ್ನಡ ಅಧ್ಯಯನ ತನ್ನ ಬೇಡಿಕೆಗಳನ್ನು ಸ್ಪಷ್ಟವಾಗಿ ಹೇಳಬೇಕು. ಸರಾಸರಿಯ ಜೊತೆಗೆ ಮಧ್ಯಾಂಕವೂ ಕೆಳಗಿನ ಕಾಲುಭಾಗವೂ ಪ್ರಕಟವಾಗಬೇಕು. ಅಂದಾಜಿನ ವ್ಯಾಪ್ತಿ ಅಂಕಿಯ ಪಕ್ಕದಲ್ಲಿರಬೇಕು. ಮನೆಮಟ್ಟದ ವಿವರ ಹೆಸರಿಲ್ಲದೆ ಉಳಿಯಬೇಕು, ನಾಳೆ ಗಡಿ ಬದಲಾದರೂ ಸಾಲನ್ನು ಮತ್ತೆ ಕಟ್ಟುವಂತಿರಬೇಕು. ಪ್ರಶ್ನಾವಳಿಯಲ್ಲಿ ಮಾತೃಭಾಷೆಗೆ ಒಂದು ಸಾಲು ಇರಬೇಕು, ಪ್ರಶ್ನೆ ಆ ಭಾಷೆಯಲ್ಲಿ ಕೇಳಿಬರಬೇಕು.

ಇವು ಸಂಖ್ಯಾಶಾಸ್ತ್ರದ ಬೇಡಿಕೆಗಳಂತೆ ತೋರಿದರೂ ಮೂಲತಃ ಓದಿನ ಬೇಡಿಕೆಗಳು. ಯಾರ ಬಗ್ಗೆ ಹೇಳುತ್ತಿದ್ದೀರಿ, ಯಾರ ಮಾತಿನಿಂದ ಹೇಳುತ್ತಿದ್ದೀರಿ, ಎಷ್ಟು ಖಚಿತವಾಗಿ ಹೇಳುತ್ತಿದ್ದೀರಿ ಎಂದು ಯಾವುದೇ ಪಠ್ಯವನ್ನು ಕೇಳುವಂತೆ ಜಿಲ್ಲೆಯ ಅಂಕಿಯನ್ನೂ ಕೇಳುವುದಷ್ಟೇ ಇಲ್ಲಿರುವುದು. ರೀಡ್ ಮತ್ತು ಮನ್ರೋ ರಾಯಕೋಟೆಯ ಸೀಮೆಯಲ್ಲಿ ಹೊಲವನ್ನು ಎಣಿಸಿದರು. ಅವರ ನಂತರದವರು ಜಿಲ್ಲೆಯನ್ನು ಎಣಿಸಿದರು. ಹೊಲ ಮತ್ತು ಜಿಲ್ಲೆಯ ನಡುವೆ ಒಂದು ಒಲೆ ಉರಿಯುತ್ತಿದೆ. ಅದರ ಸುತ್ತ ಕುಳಿತವರು ತಮ್ಮ ತಮ್ಮ ಮಾತಿನಲ್ಲಿ ದಿನದ ಲೆಕ್ಕ ಹಾಕುತ್ತಲೇ ಬಂದಿದ್ದಾರೆ. ಆ ಲೆಕ್ಕವನ್ನು ಕೇಳಿ ಬರೆದುಕೊಳ್ಳುವ ಕೆಲಸ ಬಾಕಿಯಿದೆ.